ಗೀರು ಬೇರೆ, ಬಿರುಕು ಬೇರೆ

ಜೂನ್ 2, ಸೋಮವಾರ

ಇವತ್ತಿನಿಂದ ಗುಂಡು ನೋಡುವ ಕೆಲಸ. ಗಂಡ ಸತ್ತದ್ದಕ್ಕೆ ಕಾರ್ಖಾನೆ ಕೊಟ್ಟ ಬಹುಮಾನ: ಬೆನ್ನಿಲ್ಲದ ಸ್ಟೂಲು, ನೆತ್ತಿಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು, ಎದುರಿಗೆ ಟ್ರೇ ತುಂಬ ಹಿತ್ತಾಳೆ. ಅವನು ಪ್ಯಾಕಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ಪೆಟ್ಟಿಗೆ ಹೊತ್ತ. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚಲು ಕೂತವನು ಹಾಗೇ ಗೋಡೆಗೆ ಒರಗಿದನಂತೆ. ಡಬ್ಬಿ ನಾನು ಕಟ್ಟಿದ ಹಾಗೇ ಮನೆಗೆ ವಾಪಸು ಬಂತು. ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಯಾರನ್ನು ಅಂತ ಗೊತ್ತಿಲ್ಲ.

ಗೇಟಿನಲ್ಲಿ ಹೇರ್‌ಪಿನ್ನು ಕಿತ್ತುಕೊಂಡರು, ಬಳೆ ಬಿಚ್ಚಿಸಿದರು, ಚಪ್ಪಲಿ ಬಿಡಿಸಿ ಬಟ್ಟೆಯ ಬೂಟು ಕೊಟ್ಟರು. ಒಳಗೆ ಒಂದು ಕಿಡಿ ಹಾರಿದರೂ ಎಲ್ಲರ ಕಥೆ ಮುಗಿಯಿತಂತೆ. ಹೊಟ್ಟೆಯೊಳಗಿನ ಕಿಡಿ ಹುಡುಕುವ ಯಂತ್ರ ಇನ್ನೂ ಬಂದಿಲ್ಲ, ನನ್ನ ಪುಣ್ಯ.

ಮೂರು ತಿಂಗಳು ನೋಡುತ್ತಾರೆ. ಕೊನೆಗೊಂದು ಪರೀಕ್ಷೆ. ಪಾಸಾದರೆ ಖಾಯಂ. ಇಲ್ಲವಾದರೆ ಕೆಲಸವೂ ಇಲ್ಲ, ಈ ಕ್ವಾರ್ಟರ್ಸೂ ಇಲ್ಲ.

ಮನೆಯಲ್ಲಿ ಮುದುಕ ಇದ್ದಾನೆ. ಗಂಡನ ಅಪ್ಪ. ಇದೇ ಕಾರ್ಖಾನೆಯಲ್ಲಿ ಗುಂಡು ಹಾರಿಸಿ ನೋಡುವ ಕೆಲಸ ಮಾಡಿ ಕಿವಿ ಕಳೆದುಕೊಂಡವನು. ಅವನಿಗೆ ಏನಾದರೂ ಹೇಳಬೇಕಾದರೆ ಇಡೀ ಸಾಲಿನ ಮನೆಗಳಿಗೆ ಕೇಳಿಸುವಂತೆ ಕೂಗಬೇಕು. ಬಟ್ಟೆ ಗಿರಣಿಯಲ್ಲಿದ್ದಾಗ ಮೆರವಣಿಗೆಯ ಮುಂದೆ ಘೋಷಣೆ ಕೂಗುತ್ತಿದ್ದವಳು ನಾನು, ಗಂಟಲಿಗೇನೂ ಬರವಿಲ್ಲ. ಆದರೆ ಈ ಮನೆಯಲ್ಲಿ ಸದ್ದಿಲ್ಲದೆ ಮಾತಾಡಲು ಉಳಿದಿರುವುದು ಕಾಗದ ಒಂದೇ. ಅದಕ್ಕೇ ಬರೆಯುತ್ತಿದ್ದೇನೆ.

ಇದನ್ನೂ ಬರೆದಿಡುತ್ತೇನೆ. ಖಾಯಂ ಆದ ಕೂಡಲೇ ಮುದುಕನನ್ನು ಅವನ ಮಗಳ ಮನೆಗೆ ಸಾಗಿಸುತ್ತೇನೆ. ನಾದಿನಿ ನನಗಿಂತ ದೊಡ್ಡವಳು; ಅವಳಿಗೆ ಫೋನು ಮಾಡಿ ಹೇಳಿಯೂ ಆಯಿತು. ಆಗಸ್ಟ್ ಕೊನೆಯ ಭಾನುವಾರ ಬಂದು ಕರೆದುಕೊಂಡು ಹೋಗುತ್ತಾಳೆ. ಗಂಡನೇ ಇಲ್ಲದ ಮೇಲೆ ಗಂಡನ ಅಪ್ಪ ನನಗೆ ಯಾರು?

ಜೂನ್ 5, ಗುರುವಾರ

ಕೆಲಸ ಇಷ್ಟು. ಗುಂಡನ್ನು ಬೆಳಕಿಗೆ ಹಿಡಿದು ಹೊರಳಿಸಬೇಕು: ಹಿತ್ತಾಳೆ ಎಲ್ಲಾದರೂ ನೆಗ್ಗಿದೆಯೇ, ಕತ್ತಿನಲ್ಲಿ ಬಿರುಕಿದೆಯೇ, ಮೂತಿ ಸೊಟ್ಟಗಿದೆಯೇ. ಆಮೇಲೆ ತಿರುಗಿಸಿ ಬುಡದ ಮೇಲೆ ಹೆಬ್ಬೆರಳು ಸವರಬೇಕು. ಬುಡದ ನಡುವೆ ಇರುವ ಕೇಪು ಕೂದಲೆಳೆಯಷ್ಟು ಒಳಗೆ ಕೂತಿರಬೇಕು; ಉಬ್ಬಿದ್ದರೆ ಬಂದೂಕಿಗೆ ತುಂಬುವಾಗಲೇ ಸಿಡಿಯಬಹುದು. ಕೊನೆಗೆ ಕಿವಿಯ ಪಕ್ಕ ಅಲ್ಲಾಡಿಸಬೇಕು. ಮದ್ದು ಸರಿಯಾಗಿದ್ದರೆ ಒಂದು ಸದ್ದು, ಕಡಿಮೆಯಿದ್ದರೆ ಇನ್ನೊಂದು, ಇಲ್ಲದಿದ್ದರೆ ಸದ್ದೇ ಇಲ್ಲ. ಇದಕ್ಕೆಲ್ಲ ತೂಕದ ಯಂತ್ರವೊಂದಿದೆ. ಕೆಟ್ಟು ಮೂಲೆಯಲ್ಲಿ ಕೂತಿದೆ. ಅದಕ್ಕೆ ಹೊದಿಕೆ ಹೊಲಿಸಿದ್ದಾರೆ. ನಮಗೆ ಬೆನ್ನಿರುವ ಕುರ್ಚಿ ಕೇಳಿದರೆ ನೋಡೋಣ ಅನ್ನುತ್ತಾರೆ.

ಎದುರು ಸ್ಟೂಲಿನವಳಿಗೆ ಬೀಡಿ ಚಟ ಇತ್ತಂತೆ. ಒಳಗೆ ಬೆಂಕಿಪೊಟ್ಟಣ ಬಿಡುವುದಿಲ್ಲವಲ್ಲ, ನಶ್ಯಕ್ಕೆ ಇಳಿದಿದ್ದಾಳೆ. ಎಲ್ಲರಿಗೂ ಅವಳು ನಶ್ಯದಕ್ಕ.

“ಏನೇ ಹೊಸಬಳೇ, ಗುಂಡು ನೋಡ್ತಿದೀಯೋ, ಸೊಸೆ ತೊಳೆದ ಪಾತ್ರೆ ನೋಡೋ ಅತ್ತೆ ಥರ ತಪ್ಪು ಹುಡುಕ್ತಿದೀಯೋ?”

“ತಪ್ಪು ಹುಡುಕೋಕೇ ತಾನೇ ಅಕ್ಕಾ ಸಂಬಳ?”

“ಸಂಬಳ ಅದಕ್ಕೇ. ಇಲ್ಲದ ತಪ್ಪು ಹುಡುಕೋಕೆ ಯಾರೂ ಕೊಡಲ್ಲ ಕಣೇ.”

ಮೂಗು ಒರೆಸಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಜೂನ್ 11, ಬುಧವಾರ

ಸೂಪರ್‌ವೈಸರು ಕರೆದ. ದಪ್ಪ ಗಾಜಿನ ಹಿಂದೆ ಕಣ್ಣು ಎಲ್ಲಿದೆ ಎಂದು ಹುಡುಕಬೇಕು. ಕನ್ನಡಕ ಎಂದೇ ಹೆಸರು.

“ನೋಡಮ್ಮಾ, ನೀನು ಬೇಡ ಅಂತ ಬುಟ್ಟಿಗೆ ಹಾಕಿದ್ದರಲ್ಲಿ ಮುಕ್ಕಾಲು ಪಾಲು ಒಳ್ಳೇವೇ. ಕೆಟ್ಟದ್ದನ್ನ ಬಿಟ್ಟೋರೂ ಫೇಲು, ಒಳ್ಳೇದನ್ನ ತಳ್ಳಿದೋರೂ ಫೇಲು. ಪರೀಕ್ಷೆ ದಿನ ಟ್ರೇನಲ್ಲಿ ಬೇಕಂತಲೇ ಕೆಟ್ಟ ಗುಂಡು ಬೆರೆಸಿರ್ತೀವಿ. ಕಳ್ಳರು. ಆ ಕಳ್ಳರನ್ನ ಹಿಡೀಬೇಕು, ಸಾಚಾಗಳನ್ನ ಬಿಡಬೇಕು.”

“ನನ್ನ ಕಣ್ಣಿಗೆ ಎಲ್ಲರೂ ಕಳ್ಳರ ಥರಾನೇ ಕಾಣ್ತಾರೆ ಸಾರ್,” ಅಂದೆ. ಅವನನ್ನೂ ಸೇರಿಸಿಯೇ ಅಂದದ್ದು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. ಮುದುಕನಿಗೆ ಸದ್ದು ಕೇಳಿಸದಿದ್ದರೂ ನೆಲ ಅದುರಿದ್ದು ಅಂಗಾಲಿಗೆ ತಿಳಿಯಿತೇನೋ, ಬಂದು ನಿಂತ.

“ಏನಾಯ್ತಮ್ಮಾ?”

“ನಿಮ್ಮ ಕಾರ್ಖಾನೆ ಹಾಳಾಗಿ ಹೋಗ್ಲಿ!”

“ಆಂ?”

“ಒಳ್ಳೇದು ಯಾವ್ದು ಕೆಟ್ಟದ್ದು ಯಾವ್ದು ಗೊತ್ತಾಗಲ್ವಂತೆ ನಂಗೆ!”

ಎದುರುಮನೆಯ ಕಿಟಕಿ ತೆರೆಯಿತು. ನಾಳೆಯ ಹೊತ್ತಿಗೆ ಕಾಲೋನಿಗೆಲ್ಲ ನನ್ನ ಫಲಿತಾಂಶ ಪ್ರಕಟವಾಗಿರುತ್ತದೆ.

ಜೂನ್ 15, ಭಾನುವಾರ

ರಜೆ. ಬಟ್ಟೆ ಒಗೆದು ಬರುವಷ್ಟರಲ್ಲಿ ಮುದುಕ ಕಿಟಕಿಯ ಪರದೆ ನೆಲಕ್ಕೆ ಕೆಡವಿ, ಪರದೆಯ ಹಿತ್ತಾಳೆ ಸರಳನ್ನು ಗರಗಸದಲ್ಲಿ ಕುಯ್ಯುತ್ತಾ ಕೂತಿದ್ದ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಭುಜದ ಮೇಲೆ ಹೊತ್ತು ತಂದ ಸರಳು. ಬೆರಳುದ್ದ ತುಂಡುಗಳಾಗಿ ನೆಲದ ಮೇಲೆ ಉರುಳಾಡುತ್ತಿತ್ತು.

ಬಾಯಿಗೆ ಬಂದದ್ದೆಲ್ಲ ಕೂಗಿದೆ. ಅವನು ತಲೆ ಎತ್ತಲಿಲ್ಲ. ಕೇಳಿಸದವನ ಮುಂದೆ ಸಿಟ್ಟು ಮಾಡುವುದು ಎಷ್ಟು ದಂಡ ಎಂದು ಅಧಿಕಾರಿಗಳ ಮುಂದೆ ಕಲಿತಿದ್ದೆ, ಮನೆಯಲ್ಲೂ ಕಲಿತೆ.

ಆಮೇಲೆ ನೋಡಿದರೆ ಒಳಗಿನಿಂದ ಉಪ್ಪಿನ ಡಬ್ಬಿ ತಂದ, ಮೇಣದಬತ್ತಿ ಹಚ್ಚಿದ. ಟೊಳ್ಳು ತುಂಡುಗಳಲ್ಲಿ ಕೆಲವಕ್ಕೆ ಪೂರ್ತಿ ಉಪ್ಪು, ಕೆಲವಕ್ಕೆ ಅರ್ಧ, ಕೆಲವು ಖಾಲಿ. ಎರಡೂ ತುದಿಗೆ ಮೇಣ. ಬುಡದಲ್ಲಿ ಅರದಿಂದ ಗುರುತು: ಒಂದು ಗೀಟು ಅಂದರೆ ತುಂಬಿದ್ದು, ಎರಡು ಅಂದರೆ ಅರ್ಧ, ಗೀಟಿಲ್ಲದ್ದು ಖಾಲಿ. ತಟ್ಟೆಯಲ್ಲಿ ಕಲೆಸಿ ನನ್ನ ಮುಂದೆ ಇಟ್ಟ.

“ಬುಡ ನೋಡ್ಬೇಡ. ಕಿವಿ ಹತ್ರ ಹಿಡಿದು ಅಲ್ಲಾಡಿಸು.”

“ನಿಮಗೇ ಕೇಳಿಸಲ್ಲ, ನಂಗೇನು ಕಲಿಸ್ತೀರಿ!”

“ನನಗೆ ಯಾಕೆ ಕೇಳಿಸ್ಬೇಕು? ನಿನಗೆ ಕೇಳಿಸಿದ್ರೆ ಸಾಕು.”

ಸಿಟ್ಟಿನಲ್ಲೇ ಅಲ್ಲಾಡಿಸಿದೆ. ತುಂಬಿದ್ದನ್ನು ಅರ್ಧ ಅಂದೆ, ಅರ್ಧದ್ದನ್ನು ಖಾಲಿ ಅಂದೆ. ಅವನು ಬುಡ ಸವರಿ ನೋಡಿ, ತಪ್ಪಾದದ್ದನ್ನು ಮತ್ತೆ ನನ್ನ ಕೈಗೇ ಕೊಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪರದೆಯನ್ನು ಹಗ್ಗಕ್ಕೆ ಕಟ್ಟಿದ್ದೇನೆ. ಹೆಣದ ಹಾಗೆ ಜೋಲುತ್ತಿದೆ.

ಜೂನ್ 19, ಗುರುವಾರ

ಸದ್ದು ಹತ್ತಿದೆ. ತುಂಬಿದ್ದು ಒಂದೇ ಸಲ ಮೈ ಒದರಿಕೊಂಡ ಹಾಗೆ. ಅರ್ಧದ್ದು ಅತ್ತಿಂದಿತ್ತ ಓಡುತ್ತದೆ. ಆದರೆ ಕಣ್ಣಿನ ಕೆಲಸದಲ್ಲಿ ಇನ್ನೂ ತಳ್ಳುತ್ತಲೇ ಇದ್ದೇನೆ. ಹಿತ್ತಾಳೆಯ ಮೇಲೆ ಒಂದು ಗೆರೆ ಕಂಡರೆ ಸಾಕು, ಕೈ ಬುಟ್ಟಿಯ ಕಡೆ ಹೋಗುತ್ತದೆ.

ಸಂಜೆ ಅದನ್ನು ಕೂಗಿ ಹೇಳಿದೆ. ಮುದುಕ ಅಡುಗೆಮನೆಯಿಂದ ಎರಡು ಚಹಾದ ಕಪ್ಪು ತಂದ. ಎರಡರ ಮೇಲೂ ಒಂದೊಂದು ಗೆರೆ. ನನ್ನ ಕೈ ಹಿಡಿದು ಹೆಬ್ಬೆರಳ ಉಗುರನ್ನು ಅಡ್ಡಡ್ಡ ಎಳೆಸಿದ. ಒಂದರ ಮೇಲೆ ಉಗುರು ಸಲೀಸಾಗಿ ಜಾರಿತು. ಇನ್ನೊಂದರ ಮೇಲೆ ಟಕ್ಕನೆ ಸಿಕ್ಕಿಕೊಂಡಿತು.

“ಜಾರಿದ್ರೆ ಗೀರು. ಸಿಕ್ಕಿಕೊಂಡ್ರೆ ಬಿರುಕು. ಗೀರು ಬೇರೆ, ಬಿರುಕು ಬೇರೆ ಕಣಮ್ಮಾ. ಗೀರು ಮೈಮೇಲಷ್ಟೇ. ಗೀರಿಗೆಲ್ಲ ತಳ್ತಾ ಹೋದ್ರೆ ಟ್ರೇನಲ್ಲಿ ಯಾರೂ ಉಳಿಯಲ್ಲ.”

ಬಿರುಕಿನ ಕಪ್ಪಿನಲ್ಲಿ ಇಷ್ಟು ದಿನ ಅವನೇ ಚಹಾ ಕುಡಿಯುತ್ತಿದ್ದದ್ದು. ನನಗೆ ಕೊಟ್ಟದ್ದು ಗೀರಿನದು.

ಇನ್ನು ಮೇಲೆ ಮಾವ ಎಂದು ಬರೆಯುತ್ತೇನೆ. ಕಲಿಸಿದವರಿಗೆ ಅಷ್ಟು ಮರ್ಯಾದೆ ಇರಲಿ. ಬೇರೇನಲ್ಲ.

ಜುಲೈ 1, ಮಂಗಳವಾರ

ಚಹಾ ಕುಡಿಯುತ್ತಾ ಕೇಳಿದೆ, “ಕಿವಿಗೆ ಏನೂ ಕೊಡ್ತಿರಲಿಲ್ವಾ ನಿಮಗೆ?”

“ಹತ್ತಿ ಕೊಡ್ತಿದ್ರು. ಹತ್ತಿ ಮುಗಿದಾಗ ಬ್ರೆಡ್ಡಿನ ಒಳಗಿಂದು ಉಂಡೆ ಮಾಡಿ ಇಟ್ಕೋತಿದ್ವಿ. ಒಂದ್ಸಲ ಹಸಿವಾಗಿ ಅದನ್ನೇ ತಿಂದ ಒಬ್ಬ.” ಅಲುಗಾಡಿ ನಕ್ಕರು. “ಎಲ್ಲಾ ಹೊಡೆದದ್ದು ಮರಳಿನ ದಿಬ್ಬಕ್ಕೆ ತಾನೇ. ಅಷ್ಟು ವರ್ಷ ಹೊಡೆದ್ರೂ ಮರಳು ಸಾಯ್ಲಿಲ್ಲ ನೋಡು.”

ಅವರಿಗೆ ತಮಾಷೆ. ನನ್ನ ಮೈ ಉರಿಯಿತು. ಗುಂಡಿಗೊಂದು ಪೆಟ್ಟಿಗೆ, ತೂಕದ ಯಂತ್ರಕ್ಕೊಂದು ಹೊದಿಕೆ, ಮನುಷ್ಯನ ಕಿವಿಗೆ ಬ್ರೆಡ್ಡು. ಕಾರ್ಮಿಕ ಸಂಘದ ಕಾರ್ಯದರ್ಶಿಯನ್ನು ಕೇಳಿದೆ: ಇವರ ಕಿವಿಗೆ ಪರಿಹಾರ ಎಲ್ಲಿ? ಹಳೆಯ ಮಾತು ತಾಯಿ, ಅಂದ. ಕಿವಿ ಹಳೆಯದಾಗಿರಬಹುದು, ಕಿವುಡು ಇವತ್ತಿನದೇ ಅಂದೆ. ಬರೆದುಕೊಂಡ.

ಜುಲೈ 9, ಬುಧವಾರ

ಪತ್ರಿಕೆಯಲ್ಲಿ ಬಂದಿದೆ. ಇನ್ನೊಂದು ಊರಿನಲ್ಲಿ ಗಿರಣಿಯವರ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದ್ದಾರೆ. ಚಿತ್ರದಲ್ಲಿ ಮನುಷ್ಯರಿಲ್ಲ. ರಸ್ತೆಯ ಮೇಲೆ ಹೆಂಗಸಿನ ಒಂದು ಚಪ್ಪಲಿ, ಪಕ್ಕದಲ್ಲಿ ಬಾವುಟದ ಕೋಲು. ನಾನೂ ಅಂಥದೇ ಚಪ್ಪಲಿ ಹಾಕಿಕೊಂಡು, ಅಂಥದೇ ಕೋಲು ಹಿಡಿದು ನಡೆದವಳು.

ಮನೆಗೆ ಬಂದು ಅಭ್ಯಾಸದ ತಟ್ಟೆಯನ್ನು ಗೋಡೆಗೆ ಎಸೆದೆ. ಉಪ್ಪು ಚೆಲ್ಲಿತು.

“ನಾನು ಸರಿಯಾಗಿದೆ ಅಂತ ಬಿಟ್ಟ ಗುಂಡು ಯಾರ ಎದೆಗೆ ಹೋಯ್ತೋ ಮಾವಾ! ಕೆಟ್ಟದ್ದನ್ನ ಬಿಟ್ಟಿದ್ರೆ ಯಾರೋ ಒಬ್ಬಳು ಬದುಕಿರ್ತಿದ್ಲೋ ಏನೋ!”

ಮಾವ ಚೆಲ್ಲಿದ ಉಪ್ಪನ್ನು ಅಂಗೈಯಿಂದ ಒಟ್ಟು ಮಾಡಿ ತಟ್ಟೆಗೆ ಹಾಕಿದರು. “ಕೆಟ್ಟ ಗುಂಡು ಹಾರಿಸೋನ ಮುಖಕ್ಕೇ ಸಿಡಿಯುತ್ತೆ. ಅವನೂ ಯಾರದೋ ಮಗ,” ಅಂದರು. “ನನ್ನ ಜೊತೆಗಾರ ಒಬ್ಬನ ಕಣ್ಣು ಹಾಗೇ ಹೋಯ್ತು.”

“ಎದುರಿಗಿದ್ದೋರು?”

ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಿದೆ.

“ಕೇಳಿಸ್ತಮ್ಮಾ,” ಅಂದರು. “ಅದಕ್ಕೆ ನನ್ನ ಹತ್ರ ಉತ್ತರ ಇದ್ದಿದ್ರೆ ಇಷ್ಟು ವರ್ಷ ಆ ಕೆಲಸ ಮಾಡ್ತಿದ್ನಾ?” ಆಮೇಲೆ, “ಬಿಡ್ಬೇಕು ಅನ್ನಿಸಿದ್ರೆ ಬಿಟ್ಟುಬಿಡು. ಮನೆ ಹೋದ್ರೆ ಹೋಗ್ಲಿ. ನನಗೋಸ್ಕರ ಹಿಡ್ಕೋಬೇಡ.”

ಜುಲೈ 10

ಕೆಲಸಕ್ಕೆ ಹೋದೆ. ಬೇರೆ ಕೆಲಸ ಇಲ್ಲ, ಬೇರೆ ಸೂರು ಇಲ್ಲ. ಇಷ್ಟೇ ಬರೆಯುವ ಯೋಗ್ಯತೆ ಇವತ್ತು ನನ್ನದು.

ಜುಲೈ 12, ಶನಿವಾರ

ಪಾಳಿ ಮುಗಿದ ಮೇಲೆ ಗೇಟಿನ ಹೊರಗೆ ಸಭೆ. ಸತ್ತ ಗಿರಣಿಯವರಿಗಾಗಿ. ಗುಂಡು ಮಾಡುವವರು ಗುಂಡೇಟು ತಿಂದವರಿಗೆ ಮೌನ ನಿಲ್ಲುವುದೇ ಎಂದು ಕೆಲವರು ಹಿಂದೇಟು ಹಾಕಿದರು. ನಾನು ಮುಂದೆ ಹೋಗಿ ಕೂಗಿದೆ. ನಮ್ಮ ಕೈಯ ಗುಂಡು ನಮ್ಮವರ ಮೇಲೆ ಬೇಡ. ನೂರಾರು ದನಿ ಹಿಂದೆ ಬಂತು. ಗಂಡ ಹೋದ ಮೇಲೆ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

ಕನ್ನಡಕ ಗೇಟಿನಲ್ಲಿ ನಿಂತು ನೋಡುತ್ತಿದ್ದ. “ಖಾಯಂ ಆಗೋವರೆಗಾದ್ರೂ ಬಾಯಿಗೆ ಮೇಣ ಹಾಕ್ಕೋಬಾರ್ದೇನೇ,” ಎಂದು ನಶ್ಯದಕ್ಕ ಸೊಂಟ ಗಿಲ್ಲಿದಳು. ಗಿಲ್ಲಿದವಳೂ ಕೂಗುತ್ತಲೇ ಇದ್ದಳು.

ಗುಂಪಿನ ತುದಿಯಲ್ಲಿ ಮಾವ. ಊರುಗೋಲು ಹಿಡಿದು ಒಬ್ಬರೇ ಬಂದಿದ್ದರು.

“ಯಾಕೆ ಬಂದ್ರಿ?”

“ಮನೇಲಿ ಕೂತಿದ್ದೆ. ನಿನ್ನ ದನಿ ಕೇಳಿಸ್ತು.”

ಸುಳ್ಳು. ಮನೆಗೂ ಗೇಟಿಗೂ ಮೈಲಿಯ ದೂರ.

ಜುಲೈ 20, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಬಾಗಿಲ ಕಡೆ ನೋಡಿ, “ಅವನು ಇನ್ನೂ ಬಂದಿಲ್ವಾ?” ಅಂದರು.

“ಯಾರು?”

“ನಿನ್ನ ಗಂಡ. ಊಟದ ಹೊತ್ತಾಯ್ತು.”

ಮೆಲ್ಲಗೆ ಹೇಳುವ ಮಾತಾಗಿದ್ದರೆ ಹೇಗೋ ಹೇಳುತ್ತಿದ್ದೆ. ಇವರಿಗೆ ಮೆಲ್ಲಗೆ ಹೇಳಲು ಆಗುವುದಿಲ್ಲವಲ್ಲ. ಕೂಗಿದೆ. “ಅವರು ಸತ್ತೋದ್ರು ಮಾವಾ!” ಕೇಳಿಸಲಿಲ್ಲ. “ನಿಮ್ಮ ಮಗ ಸತ್ತು ಹೋಗಿದಾರೆ!” ಎದುರುಮನೆಯ ಕಿಟಕಿ ತೆರೆದು, ಹಾಗೇ ಮುಚ್ಚಿಕೊಂಡಿತು.

ಮಾವನ ಮುಖ, ಆಸ್ಪತ್ರೆಯ ವರಾಂಡದಲ್ಲಿ ಮೊದಲ ಸಲ ಕೇಳಿದಾಗ ಹೇಗಿತ್ತೋ ಹಾಗೇ ಆಯಿತು. ತುತ್ತು ಕೈಯಲ್ಲೇ ಉಳಿಯಿತು. ಅದನ್ನು ತಟ್ಟೆಗೆ ಇಳಿಸಿ, “ಹೌದಲ್ಲ,” ಅಂದರು. “ಮರೆತಿದ್ದೆ. ಎಂಥಾ ಅಪ್ಪ ನಾನು.”

ನಿಜ ಹೇಳುವುದಕ್ಕೆ ಎಂದೂ ಹೆದರಿದವಳಲ್ಲ ನಾನು. ಸಾಹೇಬರ ಮುಖಕ್ಕೆ ಹೇಳಿದ್ದೇನೆ, ಪೊಲೀಸರ ಮುಖಕ್ಕೆ ಹೇಳಿದ್ದೇನೆ. ಇವತ್ತು ಹೇಳಿದ್ದು ಗಂಟಲಲ್ಲಿ ಇನ್ನೂ ಉರಿಯುತ್ತಿದೆ.

ಜುಲೈ 28, ಸೋಮವಾರ

‘ಮಾವ’ ಎಂದು ಕರೆದರೆ ಅವರಿಗೆ ಕೇಳಿಸುವುದೇ ಇಲ್ಲ, ಗಾಳಿಯಲ್ಲಿ ಕರಗಿ ಹೋಗುತ್ತದೆ. ‘ಅಪ್ಪಾ’ ಅಂದರೆ ತಟ್ಟುತ್ತದೆ, ತಕ್ಷಣ ತಿರುಗುತ್ತಾರೆ. ಅದಕ್ಕೇ ಹಾಗೆ ಕೂಗಲು ಶುರುಮಾಡಿದ್ದೇನೆ. ಗಂಟಲು ಉಳಿಯುತ್ತದೆ, ಅಷ್ಟೇ.

ಬುಟ್ಟಿಯಲ್ಲಿ ಈ ವಾರ ಬಿದ್ದದ್ದೆಲ್ಲ ನಿಜವಾದ ಕಳ್ಳರೇ. ಕನ್ನಡಕ ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೆ ಹೊಗಳಿದ ಹಾಗೆ ಎಂದು ನಶ್ಯದಕ್ಕ ಹೇಳಿದಳು.

ಆಗಸ್ಟ್ 5, ಮಂಗಳವಾರ

ಬೆನ್ನುನೋವು ಎಂದು ಯಾವಾಗ ಹೇಳಿದ್ದೆನೋ ನೆನಪಿಲ್ಲ. ಅಪ್ಪ ಹಳೆಯ ಕಂಬಳಿಯಿಂದ ದಿಂಬೊಂದು ಹೊಲಿದು ಕೊಟ್ಟರು, ಸ್ಟೂಲಿನ ಹಿಂದಿನ ಕಂಬಕ್ಕೆ ಕಟ್ಟಿಕೊಳ್ಳಲು. ಗುಂಡಿ ಹಾಕಿಲ್ಲ, ಪಿನ್ನು ಹಾಕಿಲ್ಲ, ಬರೀ ದಾರ. ಗೇಟಿನವರು ಹಿಂದೆ ಮುಂದೆ ನೋಡಿ ಒಳಗೆ ಬಿಟ್ಟರು. ನಶ್ಯದಕ್ಕ ನೋಡಿ, “ನನಗೂ ಒಬ್ಬ ಮಾವ ಇದ್ದ, ಬೈಗುಳ ಬಿಟ್ಟು ಏನೂ ಹೊಲೀಲಿಲ್ಲ,” ಅಂದಳು.

ಹೊಲಿಗೆ ಸೊಟ್ಟ. ಉಗುರು ಎಳೆದು ನೋಡಲಿಲ್ಲ.

ಆಗಸ್ಟ್ 14, ಗುರುವಾರ

ಮತ್ತೆ ಕೇಳಿದರು. “ಅವನು ಇನ್ನೂ ಬಂದಿಲ್ವಾ?”

ಬಾಯಿ ತೆರೆದೆ. ಎದುರುಮನೆಯ ಕಿಟಕಿಯೂ ತೆರೆದೇ ಇತ್ತು.

“ಓವರ್‌ಟೈಮು ಅಪ್ಪಾ! ಲೇಟಾಗುತ್ತೆ! ನೀವು ಊಟ ಮಾಡಿ!”

“ಅವನಿಗೆ ಎತ್ತಿಡು,” ಅಂದರು. ಎತ್ತಿಟ್ಟೆ.

ಕಿಟಕಿಯಲ್ಲಿ ಎದುರುಮನೆಯಾಕೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಈ ಹೆಂಗಸಿಗೆ ಬೇರೆ ಕೆಲಸವಿಲ್ಲ.

ಆಗಸ್ಟ್ 21, ಗುರುವಾರ

ನಾದಿನಿಯ ಫೋನು. ಭಾನುವಾರ ಮೂವತ್ತೊಂದಕ್ಕೆ ಟ್ಯಾಕ್ಸಿ ಮಾಡಿಕೊಂಡು ಬರುತ್ತಾಳೆ. ಅಪ್ಪನಿಗೆ ಕಿಟಕಿಯ ಪಕ್ಕ ಮಂಚ ಹಾಕಿಸಿದ್ದಾಳಂತೆ. ಒಳ್ಳೆಯವಳು. ಅವಳ ದನಿ ಎಷ್ಟು ಮೆತ್ತಗೆಂದರೆ ಫೋನಿನಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಹೂಂ ಅಂದೆ. ನಾನೇ ಕರೆದದ್ದಲ್ಲವೇ.

ಅಪ್ಪನಿಗೆ ಹೇಳಿದೆ. ತಲೆಯಾಡಿಸಿದರು.

“ಅಲ್ಲಿ ಎಲ್ಲಾ ಒಳ್ಳೇ ಜನ. ಮೆಲ್ಲಗೆ ಮಾತಾಡ್ತಾರೆ,” ಅಂದರು. ಆಮೇಲೆ ಕಪ್ಪು ಕೆಳಗಿಡುತ್ತಾ, “ಅಲ್ಲಿ ನಾನು ಪೂರ್ತಿ ಕಿವುಡ. ಇಲ್ಲಿ ಅರ್ಧ.”

ದೂರುವ ದನಿಯಲ್ಲ. ಹೊರಗೆ ಬಿಸಿಲಿದೆ ಅನ್ನುವ ಹಾಗೆ ಅಂದರು.

ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆಗಸ್ಟ್ 29, ಶುಕ್ರವಾರ

ಪರೀಕ್ಷೆ. ಕಾರ್ಖಾನೆಯ ದೊಡ್ಡ ಸಾಹೇಬ ಬಂದಿದ್ದ, ಕನ್ನಡಕ ಗಡಿಯಾರ ಹಿಡಿದು ನಿಂತಿದ್ದ. ಗೇಟಿನ ಸಭೆಯ ದಿನದಿಂದ ಸಾಹೇಬನಿಗೆ ನನ್ನ ಮೇಲೆ ಕಣ್ಣು; ಒಂದು ತಪ್ಪಿಗೆ ಕಾಯುತ್ತಿದ್ದ. ದಿಂಬಿಗೆ ಬೆನ್ನು ಒತ್ತಿ ಮೊದಲ ಗುಂಡು ಎತ್ತಿಕೊಂಡೆ.

ಉಬ್ಬಿದ ಕೇಪು ಸಿಕ್ಕಿತು. ಮದ್ದಿಲ್ಲದ್ದು ಸಿಕ್ಕಿತು, ಕಡಿಮೆ ಮದ್ದಿನದು ಸಿಕ್ಕಿತು. ಕತ್ತಿನಲ್ಲಿ ಬಿರುಕಿನದು ಎಣ್ಣೆ ಬಳಿದುಕೊಂಡು ಸಾಚಾನ ಹಾಗೆ ಮಿನುಗುತ್ತಿತ್ತು, ಉಗುರು ಟಕ್ಕೆಂದಿತು. ಕೊನೆಯಲ್ಲಿ ಒಂದು ಬಂತು, ಮೈಯುದ್ದಕ್ಕೂ ಕೆಟ್ಟ ಗೆರೆ, ಯಾರೋ ಬೇಕೆಂದೇ ಪರಚಿದ ಹಾಗೆ. ಜೂನಿನಲ್ಲಾಗಿದ್ದರೆ ನೋಡಿದ ಕೂಡಲೇ ತಳ್ಳುತ್ತಿದ್ದೆ. ಉಗುರು ಎಳೆದೆ. ಜಾರಿತು. ಇನ್ನೊಮ್ಮೆ ಎಳೆದೆ. ಜಾರಿತು. ಒಳ್ಳೆಯದರ ಸಾಲಿಗೆ ಇಟ್ಟೆ. ಸಾಹೇಬನ ಹುಬ್ಬು ಮೇಲೆ ಹೋದದ್ದು ಕಂಡಿತು, ಇಟ್ಟದ್ದನ್ನು ತೆಗೆಯಲಿಲ್ಲ.

ಕನ್ನಡಕ ನೋಡಿ ಮುಗಿಸಿ, “ಸರಿಯಾಗಿದೆ ಸಾರ್,” ಅಂದ. “ಪೂರ್ತಿ.”

ಖಾಯಂ. ನಶ್ಯದಕ್ಕ ಸಂತೋಷಕ್ಕೆ ನನ್ನ ಮೂಗಿಗೂ ಒಂದು ಚಿಟಿಕೆ ಏರಿಸಿದಳು. ಮನೆ ಮುಟ್ಟುವವರೆಗೂ ಸೀನಿದೆ.

ಬಾಗಿಲಲ್ಲೇ ನಿಂತು ಕೂಗಿದೆ. ಅಪ್ಪ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು ಅಲ್ಲಾಡಿಸಿದರು, ಕಿವಿ ಹತ್ತಿರ ತಂದು. “ತುಂಬಿದೆ,” ಅಂದರು.

ಆಮೇಲೆ ಒಳಗೆ ಹೋಗಿ ಚೀಲಕ್ಕೆ ಬಟ್ಟೆ ಹಾಕಿಕೊಳ್ಳತೊಡಗಿದರು. ನಾಡಿದ್ದು ಭಾನುವಾರ.

ಆಗಸ್ಟ್ 31, ಭಾನುವಾರ

ನಾದಿನಿ ಬೆಳಿಗ್ಗೆಯೇ ಬಂದಳು. ಟ್ಯಾಕ್ಸಿ ಬಾಗಿಲಲ್ಲಿ ನಿಂತಿತ್ತು. ಅಪ್ಪ ಒಳಗೆ ಸ್ನಾನ ಮುಗಿಸಿ ಏನೋ ಸದ್ದು ಮಾಡುತ್ತಿದ್ದರು.

“ಕಳಿಸಲ್ಲ ಅಕ್ಕಾ,” ಅಂದೆ.

ಅವಳು ಕಣ್ಣು ಮಿಟುಕಿಸಿದಳು. “ನೀನೇ ಫೋನು ಮಾಡಿ ಬಾ ಅಂದಿದ್ದಲ್ವೇನೇ?”

“ಅಂದಿದ್ದೆ. ಆಗ ನನಗೆ ಒಳ್ಳೇದು ಕೆಟ್ಟದ್ದು ಗೊತ್ತಾಗ್ತಿರಲಿಲ್ಲ. ಕಾರ್ಖಾನೆಯೋರೇ ಹೇಳಿದ್ರು, ಬೇಕಾದ್ರೆ ಕೇಳಿ.”

“ತಮಾಷೆ ಮಾಡ್ಬೇಡ. ನಿನಗಿನ್ನೂ ವಯಸ್ಸಿದೆ. ಪಾಳಿ ಕೆಲಸ ಬೇರೆ. ಅಪ್ಪನಿಗೆ ಮರೆವು ಹತ್ತಿದೆ ಅಂತ ಎದುರುಮನೆಯೋರು ಈಗ ಹೇಳಿದ್ರು. ನನಗ್ಯಾಕೆ ಹೇಳ್ಲಿಲ್ಲ?”

“ಮರೆವಲ್ಲ ಅಕ್ಕಾ. ಸುಮ್ಮನೆ ಒಂದು ಗೀರು.”

ಅಷ್ಟರಲ್ಲಿ ಅಪ್ಪ ಹೊರಗೆ ಬಂದರು. ಅಂಗಿಯ ಗುಂಡಿ ಒಂದರ ಕಾಜಾಕ್ಕೆ ಇನ್ನೊಂದು. ಹೆಗಲಿಗೆ ಚೀಲ, ಕೈಯಲ್ಲಿ ಅಭ್ಯಾಸದ ತಟ್ಟೆ. ಹಿತ್ತಾಳೆ ಕೊಳವೆಗಳಿಗೆಲ್ಲ ಹೊಸ ಮೇಣ ಹಾಕಿದ್ದರು.

“ಹೋಗೋಕೆ ಮುಂಚೆ ಕೊನೇದಾಗಿ ಒಂದು ತಟ್ಟೆ ನೋಡ್ಬಿಡು ಮಗಳೇ. ಅಭ್ಯಾಸ ತಪ್ಪಬಾರ್ದು.”

ನೆಲದ ಮೇಲೆ ಕೂತೆ. ಮೊದಲನೆಯದನ್ನು ಅಲ್ಲಾಡಿಸಿದೆ. ಸದ್ದಿಲ್ಲ. ಎರಡನೆಯದು. ಇಲ್ಲ. ಮೂರನೆಯದು, ಅದರಾಚೆಯದು, ಅದರಾಚೆಯದು. ಯಾವುದರಲ್ಲೂ ಒಂದು ಕಣ ಉಪ್ಪಿರಲಿಲ್ಲ. ಹಳೆಯ ಗೀಟು ಹಾಗೇ ಇದೆ, ಮೇಣ ಹೊಸದಾಗಿ ಹಾಕಿದ್ದಾರೆ, ತುಂಬುವುದನ್ನು ಮರೆತಿದ್ದಾರೆ.

ಅಪ್ಪ ಎದುರಿಗೆ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು. ನನಗೆ ಪರೀಕ್ಷೆ ಕೊಟ್ಟವರು, ತಾವೇ ಪರೀಕ್ಷೆಗೆ ಕೂತವರ ಹಾಗೆ.

ಕೊಳವೆ ತಿರುಗಿಸುವ ನೆವದಲ್ಲಿ ಬುಡ ನೋಡಿದೆ. ಒಂದು ಗೀಟು.

“ತುಂಬಿದೆ ಅಪ್ಪಾ!”

ಅವರು ಹೆಬ್ಬೆರಳಿಂದ ಬುಡ ಸವರಿ ತಲೆಯಾಡಿಸಿದರು. ಮುಂದಿನದಕ್ಕೆ ಎರಡು ಗೀಟು. “ಅರ್ಧ!” ಅದಕ್ಕೂ ತಲೆಯಾಡಿಸಿದರು. “ಖಾಲಿ!” “ತುಂಬಿದೆ!” “ತುಂಬಿದೆ!” ಒಂದೊಂದೇ ಸಾಲಿಗೆ ಸೇರಿತು. ಜೀವನದಲ್ಲಿ ಮೊದಲ ಸಲ ಪರೀಕ್ಷೆಯಲ್ಲಿ ಕಾಪಿ ಹೊಡೆದೆ.

ನಾದಿನಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದವಳು ಕೊನೆಯ ಕೊಳವೆಯನ್ನು ತಾನೇ ಎತ್ತಿಕೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಇನ್ನೊಮ್ಮೆ ಅಲ್ಲಾಡಿಸಿದಳು. ಸಾಲಿನಲ್ಲಿ ತುಂಬಿದೆ ಎಂದು ನಾನಿಟ್ಟದ್ದೊಂದನ್ನು ತೆಗೆದು ಅದನ್ನೂ ಅಲ್ಲಾಡಿಸಿದಳು. ನನ್ನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಕಣ್ಣು ತಗ್ಗಿಸಲಿಲ್ಲ. ಬೇಡ ಅನ್ನಲೂ ಇಲ್ಲ. ಅವಳ ಅಪ್ಪ, ಅವಳು ನೋಡಿಕೊಳ್ಳಲಿ.

ಅವಳು ಕೊಳವೆಯ ಬುಡ ತಿರುಗಿಸಿ ನೋಡಿದಳು. ಉಸಿರೆಳೆದುಕೊಂಡು, ಕತ್ತಿನ ನರ ಉಬ್ಬುವ ಹಾಗೆ ಕೂಗಿದಳು:

“ತುಂಬಿದೆ ಅಪ್ಪಾ!”

ಅಪ್ಪ ಬೆಚ್ಚಿ ತಿರುಗಿದರು. “ಅರೆ! ನಿನಗೆ ಇಷ್ಟು ದೊಡ್ಡ ದನಿ ಇದೆಯೇನೇ?”

ಎದುರುಮನೆಯ ಕಿಟಕಿ ತೆರೆಯಿತು. ನಾದಿನಿ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ಎದ್ದು ಹೊರಗೆ ಹೋದಳು. ಟ್ಯಾಕ್ಸಿ ಹೊರಟುಹೋದ ಸದ್ದು ಕೇಳಿತು. ಅಪ್ಪನಿಗೆ ಕೇಳಿಸಲಿಲ್ಲ.

“ಗಾಡಿ ಬಂತಾ?” ಅಂದರು.

“ಕಳಿಸಿಬಿಟ್ಟೆ ಅಪ್ಪಾ! ಸಂಜೆ ಬಸ್ಸಿಗೆ ನಾನೊಬ್ಬಳೇ ಹೋಗ್ತೀನಿ!” ಎಂದು ಅವಳು ಬಾಗಿಲಿನಿಂದಲೇ ಕೂಗಿದಳು. ರೂಢಿಯಿಲ್ಲದ ಗಂಟಲು, ಆಗಲೇ ಒಡೆದಿತ್ತು. ಕೂಗುವುದನ್ನು ಕಲಿಯಲು ತಿಂಗಳಿಗೊಮ್ಮೆ ಬಾ ಎಂದು ಹೇಳಿದ್ದೇನೆ.

ಅಪ್ಪನ ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದೆ. ಹೆಗಲಿನ ಚೀಲ ಇಳಿಸಿಕೊಂಡೆ. ತಟ್ಟೆಯನ್ನು ಮಾತ್ರ ಅವರು ಬಿಡಲಿಲ್ಲ, ತಾವೇ ಒಯ್ದು ಕಪಾಟಿನಲ್ಲಿ ಇಟ್ಟರು.

ನಾಳೆ ಅವರು ಸ್ನಾನಕ್ಕೆ ಹೋದಾಗ ಮೇಣ ಕೆರೆದು ಉಪ್ಪು ತುಂಬಿಸಿಡಬೇಕು. ಒಂದು ಗೀಟಿನದಕ್ಕೆ ಪೂರ್ತಿ, ಎರಡು ಗೀಟಿನದಕ್ಕೆ ಅರ್ಧ.